ನಾನು ಬಿಟ್ಟು ಓದಿದ ಸಾಲು

ಆಂಧ್ರದ ರಾಯದುರ್ಗದಲ್ಲಿ ನಾನಿದ್ದ ಬೀದಿಗೆ ತೆಲುಗು ಕಾಗದ ಬಂದರೆ ಅದು ಮೊದಲು ನನ್ನ ಮನೆಗೆ ಬರುತ್ತಿತ್ತು. ಪಿಂಚಣಿಯದು, ರೇಷನ್ನಿನದು, ಬ್ಯಾಂಕಿನದು, ಆಸ್ಪತ್ರೆಯದು, ಯಾವುದಾದರೂ ಸರಿ. ಆ ಬೀದಿಯ ಹೆಂಗಸರಿಗೆ ತೆಲುಗು ಬಾರದು ಎಂದಲ್ಲ. ಸಂತೆಯಲ್ಲಿ ಚೌಕಾಸಿಗೆ ನಿಂತರೆ ತೆಲುಗಿನವರಿಗೇ ಬೆವರಿಳಿಸುತ್ತಿದ್ದರು. ಆದರೆ ಅವರಲ್ಲಿ ಹೆಚ್ಚಿನವರು ಓದಿದ್ದು ಕನ್ನಡ ಶಾಲೆಯಲ್ಲಿ, ಅದೂ ನಾಲ್ಕನೆಯದೋ ಐದನೆಯದೋ ತನಕ. ಕಚೇರಿಯ ತೆಲುಗೇ ಬೇರೆ. ನಾನು ಅಲ್ಲಿನ ಕನ್ನಡ ಮೀಡಿಯಂ ಶಾಲೆಯ ಟೀಚರು. ಕಣ್ಣಲ್ಲಿ ತೆಲುಗು ಓದಿಕೊಂಡು ಬಾಯಲ್ಲಿ ಕನ್ನಡ ಹೇಳುವುದು ನನಗೆ ಅಕ್ಕಿ ಆರಿಸಿದಷ್ಟು ಸಲೀಸಾಗಿತ್ತು.

ಬರಿಗೈಯಲ್ಲಿ ಕಾಗದ ಓದಿಸಬಾರದು ಎಂಬ ಪದ್ಧತಿಯೊಂದು ಆ ಬೀದಿಯಲ್ಲಿತ್ತು. ಎರಡು ನಿಂಬೆಹಣ್ಣು, ಒಂದು ಬೊಗಸೆ ಶೇಂಗಾ, ಒಂದು ಬಟ್ಟಲು ಚಟ್ನಿಪುಡಿ, ಏನಾದರೂ ಹಿಡಿದೇ ಬರುತ್ತಿದ್ದರು. ನಾನು ಬೇಡವೆಂದರೆ ಅವರಿಗೆ ನಾನು ಓದಿದ್ದರ ಮೇಲೆ ನಂಬಿಕೆ ಹುಟ್ಟುತ್ತಿರಲಿಲ್ಲ. ಹಾಗಾಗಿ ಆರು ವರ್ಷ ಆ ಬೀದಿಯ ಶೇಂಗಾ ತಿಂದೆ. ನಾನು ಹುಟ್ಟಿದ್ದು ಮಡಕಶಿರಾದ ಕಡೆ. ನನ್ನ ಮಾತಿನಲ್ಲಿ ‘ಕಣಕ್ಕ’ ಬಂದರೆ ಸಾಕು, ಅವರಿಗೆ ನಗು. “ಏನ್ ಕಣ್ರಿ ಟೀಚರಮ್ಮ, ಕಾಗದ ಓದ್ತೀರೇನ್ ಕಣ್ರಿ,” ಎಂದು ಬಾಗಿಲಲ್ಲೇ ನಿಂತು ಅಣಕಿಸುತ್ತಿದ್ದರು.

ಇಷ್ಟೆಲ್ಲ ಮೊದಲೇ ಹೇಳುತ್ತಿರುವುದು ಅವರು ನನ್ನನ್ನು ಎಷ್ಟು ನಂಬಿದ್ದರು ಎಂದು ಗೊತ್ತಾಗಲಿ ಎಂದು. ಮುಂದೆ ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಆಗಲಿ.

ಆ ವರ್ಷ ಕರೆಂಟ್ ಬಿಲ್ಲಿನಲ್ಲಿ ಹೊಸ ಸಾಲುಗಳು ಹುಟ್ಟಿಕೊಂಡವು. ಈ ತಿಂಗಳು ಉರಿಸಿದ ಕರೆಂಟಿನದು ಒಂದು ಕಡೆ. ಅದರ ಕೆಳಗೆ, ಹಿಂದೆ ಎಂದೋ ಉರಿಸಿ ಬಿಲ್ಲು ಕಟ್ಟಿ ಮುಗಿಸಿದ್ದ ಕರೆಂಟಿಗೆ ಈಗ ಹೆಚ್ಚುವರಿ ಎಂದು ಇನ್ನೊಂದು. ನಾನು ಅದನ್ನು ಓದಿ ಹೇಳಿದಾಗ ಎದುರು ಮನೆಯ ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿದಳು.

“ಹ್ವಾದ ವರ್ಷ ಉಂಡ ಮುದ್ದಿಗೆ ಈ ವರ್ಷ ಮತ್ತ ರೊಕ್ಕ ಕೇಳಿದಂಗಾತಲ್ರಿ,” ಎಂದಳು.

ಈ ಅಕ್ಕನ ವಿಷಯ ಹೇಳಬೇಕು. ಐವತ್ತರ ಆಸುಪಾಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ರಾಯದುರ್ಗವೆಂದರೆ ಜೀನ್ಸ್ ಪ್ಯಾಂಟು. ಆ ಬೀದಿಯ ಅರ್ಧ ಮನೆಗಳಲ್ಲಿ ಹೊಲಿಗೆ ಮಷಿನ್ನುಗಳು, ಇನ್ನರ್ಧ ಮನೆಗಳಲ್ಲಿ ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಕೆಲಸ. ದೊಡ್ಡ ಯೂನಿಟ್ಟಿನಿಂದ ಪ್ಯಾಂಟಿನ ಗಂಟುಗಳನ್ನು ತಂದು, ಮನೆಮನೆಗೆ ಹಂಚಿ, ಕೆಲಸ ಮುಗಿದ ಮೇಲೆ ವಾಪಸು ಮುಟ್ಟಿಸುತ್ತಿದ್ದವಳು ಈ ಅಕ್ಕ. ಯಾರಿಗೆ ಎಷ್ಟು ಗಂಟು ಎಂಬುದರಲ್ಲಿ ಒಮ್ಮೆಯೂ ಜಗಳ ಬಂದದ್ದನ್ನು ನಾನು ನೋಡಲಿಲ್ಲ. ಅವಳ ಆಸ್ತಿ ಎಂದರೆ ಅದೊಂದೇ, ಬೀದಿಯಲ್ಲಿ ಅವಳ ಮಾತಿಗಿದ್ದ ಬೆಲೆ.

ಧರಣಿ ಕೂರೋಣ ಎಂದದ್ದೂ ಅವಳೇ. ಕೂಗುವುದು ಬೇಡ, ರಸ್ತೆ ತಡೆಯುವುದು ಬೇಡ, ಕರೆಂಟ್ ಆಫೀಸಿನ ಎದುರಿಗೆ ಬೇವಿನ ಮರದ ಕೆಳಗೆ ಸುಮ್ಮನೆ ಕೂತರಾಯಿತು ಎಂದಳು. ಕೂಲಿ ಹೋಗುತ್ತದಲ್ಲ ಎಂದು ಯಾರೋ ಕೇಳಿದಾಗ, “ಯಾಕ ಹೋಕ್ಕತಿ? ಗಂಟು ಅಲ್ಲಿಗೇ ಒಯ್ಯಾಣ,” ಎಂದಳು. ಹಾಗೇ ಆಯಿತು. ಒಂದು ಬೆಳಗ್ಗೆ ಹನ್ನೆರಡು ಜನ ಹೆಂಗಸರು ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು, ಎದೆಗೆ ಬಿಲ್ಲು ಪಿನ್ನು ಮಾಡಿಕೊಂಡು, ಮಡಿಲಲ್ಲಿ ನೀಲಿ ಪ್ಯಾಂಟು ಇಟ್ಟುಕೊಂಡು ದಾರ ಕತ್ತರಿಸುತ್ತಾ ಕೂತರು. ಆಫೀಸಿನ ನೌಕರರು ಹೊರಗೆ ಬಂದು ನೋಡಿ ನಕ್ಕರು, ಆಮೇಲೆ ಕುಡಿಯಲು ನೀರು ಕೊಟ್ಟರು. ಅರ್ಜಿ ಬರೆದುಕೊಟ್ಟವಳು ನಾನು. ಸರ್ಕಾರಿ ನೌಕರಿ ನೋಡಿ, ಅಲ್ಲಿ ಕೂರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿ ಹೆಮ್ಮೆಪಟ್ಟುಕೊಂಡು ಮುಂದೆ ಹೋದೆ.

ಮಧ್ಯಾಹ್ನಕ್ಕೆ ವಿರೋಧ ಪಕ್ಷದವರಿಗೆ ವಾಸನೆ ಹತ್ತಿತು. ಬಾವುಟ ಬಂತು, ಶಾಮಿಯಾನ ಬಂತು, ಫೋಟೋ ತೆಗೆಯುವವರು ಬಂದರು. ಅಕ್ಕ ಶಾಮಿಯಾನ ಬೇಡವೆಂದಳಂತೆ. ಮರ ಐತಲ್ರಿ ಎಂದಳಂತೆ. ಯಾರು ಕೇಳುತ್ತಾರೆ. ಮರುದಿನದ ಪೇಪರಿನಲ್ಲಿ ಹೆಂಗಸರಿಗಿಂತ ಬಾವುಟಗಳೇ ಹೆಚ್ಚಾಗಿದ್ದವು. ಅದನ್ನು ನೋಡಿ ಆಳುವ ಪಕ್ಷದವರು, ಇದು ದುಡ್ಡು ಕೊಟ್ಟು ಕೂರಿಸಿದ ಮಂದಿ ಎಂದರು. ಇವರು ನಮ್ಮ ಹೋರಾಟ ಎಂದು ಪ್ರೆಸ್‌ಮೀಟ್ ಮಾಡಿದರು, ಅವರು ನಾಟಕ ಎಂದು ಮಾಡಿದರು. ಆ ಹನ್ನೆರಡು ಜನರನ್ನು ಒಂದು ಮಾತು ಕೇಳಿದವರಿಲ್ಲ.

ಒಂದು ವಾರ ಕಳೆದು, ಎರಡನೇ ಶನಿವಾರ, ನನಗೆ ರಜೆ. ಅಕ್ಕ ಆವತ್ತು ನೇಮಕಲ್ಲಿನ ಆಂಜನೇಯನಿಗೆ ಹೋಗಿದ್ದಳು. ಬೀದಿಯಲ್ಲಿ ಒಬ್ಬರ ಪಡಸಾಲೆಯಲ್ಲಿ ಉಳಿದ ಹನ್ನೊಂದು ಜನರೂ ಸೇರಿ ಕೆಲಸ ಮಾಡುತ್ತಿದ್ದರು, ಒಳಗೆ ಮಷಿನ್ನುಗಳು ಓಡುತ್ತಿದ್ದವು. ಆಳುವ ಪಕ್ಷದ ನಾಯಕರೊಬ್ಬರ ಕಡೆಯ ಮನುಷ್ಯ ಒಂದು ಕಾಗದ ಹಿಡಿದು ಬಂದ. ಚಾರ್ಜು ಇಳಿಸಿ ಎಂಬ ವಿನಂತಿ ಪತ್ರ, ಸೈನು ಹಾಕಿಕೊಟ್ಟರೆ ನಮ್ಮ ಸಾರ್ ಖುದ್ದು ಮೇಲಿನವರಿಗೆ ಮುಟ್ಟಿಸುತ್ತಾರೆ ಎಂದ. ಹೆಂಗಸರು ಸುಮ್ಮನೆ ಹಾಕುವವರಲ್ಲ. ಟೀಚರಮ್ಮ ಓದಲಿ ಎಂದರು. ನನ್ನನ್ನು ಕರೆಸಿ, ಮೊದಲು ತಟ್ಟೆಯಲ್ಲಿ ಉಗ್ಗಾಣಿ ಮೆಣಸಿನಕಾಯಿ ಬಜ್ಜಿ ಕೊಟ್ಟರು. ತಿಂದೆ. ಕೈ ತೊಳೆದು ಕಾಗದ ತೆಗೆದುಕೊಂಡೆ.

ಮೇಲಿನ ಅರ್ಧ ಚೆನ್ನಾಗಿಯೇ ಇತ್ತು. ಬಡವರಿಗೆ ಹೊರೆಯಾಗಿದೆ, ದಯವಿಟ್ಟು ಚಾರ್ಜು ಇಳಿಸಬೇಕು, ಇತ್ಯಾದಿ. ಅದರ ಕೆಳಗೆ ಒಂದು ಉದ್ದನೆಯ ಸಾಲು. ಆವತ್ತು ನಮ್ಮನ್ನು ಧರಣಿಗೆ ಕರೆದುಕೊಂಡು ಹೋದವಳು ಇಂಥವಳು, ಆಕೆ ವಿರೋಧ ಪಕ್ಷದವರಿಂದ ದುಡ್ಡು ತೆಗೆದುಕೊಂಡು ನಮಗೆ ತಿಳಿಸದೆ ನಮ್ಮನ್ನು ಅಲ್ಲಿ ಕೂರಿಸಿದಳು, ನಮಗೆ ಸರ್ಕಾರದ ಮೇಲೆ ಯಾವ ದೂರೂ ಇಲ್ಲ ಎಂದು.

ಇಂಥವಳು ಎಂದಿದ್ದ ಕಡೆ ಅಕ್ಕನ ಹೆಸರು.

ನಾನು ತಲೆಯೆತ್ತಿ ಅವನನ್ನು ನೋಡಿದೆ. ಅವನು ಫೋನು ನೋಡುತ್ತಿದ್ದ. ಫೋನಿನಿಂದ ಕಣ್ಣೆತ್ತದೆ, ನನಗಷ್ಟೇ ಕೇಳುವಷ್ಟು ಮೆಲ್ಲಗೆ, “ಓದಿ ಮೇಡಂ ಗಾರು. ನಿಮ್ಮ ಟ್ರಾನ್ಸ್‌ಫರ್ ಕಾಗದವೂ ಸಾರ್ ಹತ್ತಿರವೇ ಇದೆ,” ಎಂದು ತೆಲುಗಿನಲ್ಲಿ ಹೇಳಿದ. ಅವನು ಹೆದರಿಸಲಿಲ್ಲ. ಹೆದರಿಸಿದ್ದರೆ ನನಗೆ ಹೇಳಿಕೊಳ್ಳುವುದಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ನನ್ನ ಗಂಡ, ಮಗಳು ಮಡಕಶಿರಾದಲ್ಲಿದ್ದರು. ಕನ್ನಡ ಮೀಡಿಯಂ ಹುದ್ದೆಗಳೇ ಅಲ್ಲೊಂದು ಇಲ್ಲೊಂದು. ಆರು ವರ್ಷದಿಂದ ನಾನು ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸಿಕೊಂಡು ವಾರಕ್ಕೊಮ್ಮೆ ತಾಯಿಯಾಗಿ ಬರುತ್ತಿದ್ದೆ. ಮಗಳು ಮೈನೆರೆದ ದಿನ ನಾನು ರಾಯದುರ್ಗದಲ್ಲಿ ಪರೀಕ್ಷೆ ಪೇಪರು ತಿದ್ದುತ್ತಾ ಕೂತಿದ್ದೆ. ಶಿಫಾರಸು ಪತ್ರವೊಂದು ಬೇಕೆಂದು ಆ ನಾಯಕರ ಮನೆ ಬಾಗಿಲಿಗೆ ಮೂರು ಸಲ ಹೋಗಿಬಂದಿದ್ದೆ. ಇದೆಲ್ಲ ನಿಜ. ಆದರೆ ಇದು ಕಾರಣವೇ ಹೊರತು ಕ್ಷಮೆ ಅಲ್ಲ. ಇವೆರಡರ ವ್ಯತ್ಯಾಸ ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ.

ಮೇಲಿನ ಅರ್ಧವನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿದೆ. ಆ ಸಾಲಿನ ಹತ್ತಿರ ಬಂದಾಗ ಒಂದು ಉಸಿರು ತೆಗೆದುಕೊಂಡು, ಅದನ್ನು ದಾಟಿ, “ಇಂತಿ ತಮ್ಮ ವಿಶ್ವಾಸಿಗಳು,” ಎಂದೆ. ತರಗತಿಯಲ್ಲಿ ಯಾರಾದರೂ ಓದುವಾಗ ಸಾಲು ಹಾರಿಸಿದರೆ ನಾನು ನಿಲ್ಲಿಸಿ ಮತ್ತೆ ಓದಿಸುತ್ತೇನೆ. ಇಲ್ಲಿ ನಿಲ್ಲಿಸುವವರು ಯಾರೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಆಗ ನನ್ನ ಲೆಕ್ಕಾಚಾರ. ಸರ್ಕಾರಕ್ಕೆ ಹೋಗುವ ಕಾಗದವನ್ನು ಸರ್ಕಾರವೇ ಓದುವುದಿಲ್ಲ, ಇನ್ನು ಬೇರೆ ಯಾರು ಓದುತ್ತಾರೆ ಎಂದುಕೊಂಡೆ.

ಒಂಬತ್ತು ಜನ ಸೈನು ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಸೈನುಗಳೆಲ್ಲ ಕನ್ನಡದಲ್ಲಿ. ಒಬ್ಬಾಕೆ ತನ್ನ ಹೆಸರಿನ ಒತ್ತಕ್ಷರ ಸರಿಯಾಗಿದೆಯೇ ಎಂದು ನನಗೆ ತೋರಿಸಿ ಕೇಳಿದಳು. ಸರಿಯಾಗಿದೆ ಎಂದೆ.

ಸಂಜೆ ಅಕ್ಕ ನೇಮಕಲ್ಲಿನಿಂದ ಬಂದು ಪ್ರಸಾದ ಕೊಟ್ಟಳು. “ಏನಿತ್ರಿ ಕಾಗದದಾಗ?” ಎಂದು ಕೇಳಿದಳು.

“ಚಾರ್ಜು ಇಳಿಸಿ ಅಂತ. ಅಷ್ಟೇ ಕಣಕ್ಕ.”

“ನಂದೂ ಒಂದು ಸೈನ್ ಇರಬೇಕಿತ್ತು ನೋಡ್ರಿ,” ಎಂದು ಅವಳು ನಿಜವಾಗಿಯೂ ಬೇಸರಪಟ್ಟುಕೊಂಡಳು.

ನಾಲ್ಕು ದಿನಕ್ಕೆ ಆ ನಾಯಕರು ಯಾವುದೋ ಸಭೆಯಲ್ಲಿ ಮೈಕಿನ ಮುಂದೆ ಆ ಕಾಗದವನ್ನು ಓದಿದರು. ನೋಡಿ, ಆ ಬೀದಿಯ ಹೆಣ್ಣುಮಕ್ಕಳೇ ಬರೆದುಕೊಟ್ಟಿದ್ದಾರೆ ಎಂದರು. ಕಾಗದದ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ನಮ್ಮ ಬೀದಿಗೂ ಬಂತು. ತೆಲುಗು ಮೀಡಿಯಂನಲ್ಲಿ ಓದುವ ಒಬ್ಬಾಕೆಯ ಮಗಳು ಅದನ್ನು ತಾಯಿಗೆ ಓದಿ ಹೇಳಿದಳು. ಅರ್ಧ ಗಂಟೆಯಲ್ಲಿ ಹನ್ನೊಂದು ಜನವೂ ನನ್ನ ಬಾಗಿಲಲ್ಲಿದ್ದರು. ಆವತ್ತು ಯಾರ ಕೈಯಲ್ಲೂ ನಿಂಬೆಹಣ್ಣಿರಲಿಲ್ಲ.

“ಟೀಚರಮ್ಮ, ನೀವು ಓದಿದಾಗ ಇದು ಇತ್ತೇನ್ರಿ?”

ಆಗಲಾದರೂ ಹೇಳಬಹುದಿತ್ತು. ಇತ್ತು, ನಾನು ಬಿಟ್ಟೆ ಎಂದಿದ್ದರೆ ಬೈಯುತ್ತಿದ್ದರು, ಉಗಿಯುತ್ತಿದ್ದರು, ಆದರೆ ಅಕ್ಕನ ಹೆಸರು ಉಳಿಯುತ್ತಿತ್ತು. ನಾನು ಅಂದದ್ದು ಇದು: “ಇತ್ತಲ್ಲ. ಓದಿದೆನಲ್ಲ. ಮಷಿನ್ ಸದ್ದಿನಲ್ಲಿ ನಿಮಗೆ ಕೇಳಿಸಿರಲಿಕ್ಕಿಲ್ಲ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾನೊಬ್ಬಳೇ ಲಕ್ಷ್ಯ ಕೊಡಲಿಲ್ಲವೇನೋ ಎಂಬ ಸಂಕೋಚ ಪ್ರತಿಯೊಬ್ಬಳಿಗೂ. ಕಡೆಗೆ ಒಬ್ಬಾಕೆ, “ಹೌದ್ರಿ, ಏನೋ ಅಂದಂಗಿತ್ತು, ನನಗ ಕೇಳಿಸಿತ್ತು,” ಎಂದಳು. ಅವಳಿಗೆ ಏನೂ ಕೇಳಿಸಿರಲಿಲ್ಲ, ಯಾಕೆಂದರೆ ನಾನು ಏನೂ ಹೇಳಿರಲಿಲ್ಲ. ಆದರೆ ಒಬ್ಬಳು ಹೌದೆಂದ ಮೇಲೆ ಇನ್ನೊಬ್ಬಳೂ ಹೌದೆಂದಳು. ಅಕ್ಷರ ಬಲ್ಲವಳ ಎದುರಿಗೆ ದಡ್ಡಿ ಎನಿಸಿಕೊಳ್ಳಬಾರದು ಎಂಬ ಅವರ ಮರ್ಯಾದೆಯನ್ನೇ ನಾನು ನನ್ನ ಕಳ್ಳತನಕ್ಕೆ ಪರದೆ ಮಾಡಿಕೊಂಡೆ.

ಅಲ್ಲಿಂದ ಮುಂದಿನದನ್ನು ನಾನು ಎಣಿಸಿರಲಿಲ್ಲ. ತಮ್ಮ ಸೈನಿಗೆ ತಾವೇ ಸಮರ್ಥನೆ ಕೊಟ್ಟುಕೊಳ್ಳಬೇಕಲ್ಲ, ಅವರು ಅದನ್ನು ನಂಬತೊಡಗಿದರು. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದರು. ಬಾವುಟದವರ ಹತ್ತಿರ ಅವಳೊಬ್ಬಳೇ ನಿಂತು ಮಾತಾಡಿದ್ದಳಲ್ಲ ಎಂದರು. ಶಾಮಿಯಾನ ಬೇಡವೆನ್ನಲು ಹೋದದ್ದು ಈಗ ದುಡ್ಡು ಎಣಿಸಿಕೊಳ್ಳಲು ಹೋದದ್ದಾಯಿತು. ನಾವು ಬಿಸಿಲಲ್ಲಿ ಕೂತೆವು, ಅವಳೊಬ್ಬಳೇ ನುಂಗಿದಳು ಎಂಬ ಮಾತು ನಲ್ಲಿಯ ಹತ್ತಿರ ಹುಟ್ಟಿ ಬೀದಿಯ ತುದಿ ಮುಟ್ಟಿತು.

ಅಕ್ಕ ಮನೆಮನೆಗೆ ಹೋಗಿ ಕೇಳಿದಳಂತೆ, ನಾ ರೊಕ್ಕ ತಗೊಂಡೆ ಅಂತ ಬರೆದುಕೊಟ್ಟಿರೇನು ಎಂದು. ಟೀಚರಮ್ಮ ಎಲ್ಲಾ ಓದಿ ಹೇಳಿದ್ರಲ್ಲ ಎಂದು ಎಲ್ಲರೂ ನನ್ನ ಮನೆಯ ಕಡೆ ಕೈ ತೋರಿಸಿದರಂತೆ. ಕಡೆಯಲ್ಲಿ ನನ್ನ ಮನೆಗೆ ಬಂದಳು. ಒಳಗೆ ಬರಲಿಲ್ಲ.

“ನೀವು ಎಲ್ಲಾ ಓದಿ ಹೇಳಿದ್ರಂತ,” ಎಂದಳು.

“ಹೂಂ,” ಎಂದೆ.

“ಅವತ್ತು ಸಂಜಿಗೆ ನನಗ ಚಾರ್ಜಿಂದಷ್ಟೇ ಅಂದ್ರಿ.”

“ನಿನಗೆ ನೋವಾಗಬಾರದು ಅಂತ ಕಣಕ್ಕ.”

ಅವಳು ಹೌದ್ರಿ ಎಂದು ಹೇಳಿ ಎದುರು ಮನೆಗೆ ಹೋದಳು. ನನ್ನ ಸುಳ್ಳುಗಳಲ್ಲಿ ಅತಿ ಹೊಲಸಾದದ್ದು ಅದೇ, ಕನಿಕರದ ವೇಷ ಹಾಕಿಕೊಂಡದ್ದು.

ಒಂದೆರಡು ತಿಂಗಳಲ್ಲಿ ಹೆಂಗಸರು ಗಂಟುಗಳನ್ನು ಬೇರೊಬ್ಬಳ ಕೈಯಿಂದ ತರಿಸಿಕೊಳ್ಳತೊಡಗಿದರು. ಅಕ್ಕ ತನ್ನ ಪಾಲಿನ ಗಂಟನ್ನು ಮಾತ್ರ ತಲೆಯ ಮೇಲೆ ಹೊತ್ತು ತರುವುದನ್ನು ನನ್ನ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಬಿಲ್ಲಿನ ಆ ಹೆಚ್ಚುವರಿ ಸಾಲು ಹಾಗೇ ಇತ್ತು. ಮತ್ತೊಮ್ಮೆ ಕೂರೋಣ ಎನ್ನುವವರು ಯಾರೂ ಉಳಿಯಲಿಲ್ಲ.

ಬೇಸಿಗೆ ಕಳೆದು ನನಗೆ ಮಡಕಶಿರಾಕ್ಕೆ ವರ್ಗವಾಯಿತು. ಆ ಕಾಗದಕ್ಕೂ ಇದಕ್ಕೂ ಸಂಬಂಧವಿತ್ತೋ, ನನ್ನ ಸರದಿಯೇ ಬಂದಿತ್ತೋ, ಇವತ್ತಿಗೂ ಗೊತ್ತಿಲ್ಲ. ಸರದಿ ಬಂದೇ ಆದದ್ದಾದರೆ ನಾನು ಮಾಡಿದ್ದು ಬಿಟ್ಟಿ ಪಾಪ. ಹೊರಡುವ ದಿನ ಹೆಂಗಸರು ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಬೆಲ್ಲ, ಕೊಬ್ಬರಿ, ಜಂಪರ್ ಪೀಸು. ಒಬ್ಬಾಕೆ ಅತ್ತಳು. ಇನ್ನು ನಮ್ಮ ಕಾಗದ ಯಾರು ಓದ್ತಾರ್ರಿ ಎಂದಳು. ಎದುರು ಮನೆಯ ಬಾಗಿಲು ಹಾಕಿತ್ತು.

ಮಡಕಶಿರಾಕ್ಕೆ ಬಂದ ಮೇಲೆ ಗಂಡನಿಗೆ ಹೇಳಿದೆ. ಅವರು ರೇಷ್ಮೆಗೂಡಿನ ವ್ಯಾಪಾರದವರು, ಯಾವುದನ್ನೂ ಬಹಳ ಹೊತ್ತು ಕೈಯಲ್ಲಿ ಇಟ್ಟುಕೊಳ್ಳುವವರಲ್ಲ. “ಬಿಡೇ ಅತ್ಲಾಗೆ. ನೀನು ಓದದಿದ್ರೆ ಇನ್ಯಾರೋ ಓದೋರು,” ಎಂದರು. ಇನ್ಯಾರೋ ಓದಿದ್ದರೆ ಆ ಹೆಂಗಸರು ಸೈನು ಹಾಕುತ್ತಿರಲಿಲ್ಲ. ಅದನ್ನು ಗಂಡನಿಗೆ ಹೇಗೆ ತಿಳಿಸುವುದೆಂದು ಗೊತ್ತಾಗದೆ ಎದ್ದು ಹೋಗಿ ಪಾತ್ರೆ ತೊಳೆದೆ.

ಹೋದ ವರ್ಷ ಇಲ್ಲಿಯೂ ಅದೇ ಬಿಲ್ಲಿನ ಗಲಾಟೆ. ರೊಳ್ಳ, ಅಗಳಿ ಕಡೆಯಿಂದ ಆಟೋಗಳಲ್ಲಿ ಜನ ಬಂದು ಆಫೀಸಿನ ಮುಂದೆ ಕೂತರು. ನನ್ನ ಶಾಲೆಯ ಆಯಮ್ಮ ಬಂದು, “ಮೇಡಂ, ಒಂದು ಅರ್ಜಿ ಬರ್ಕೊಡಿ, ತೆಲುಗಲ್ಲಿ,” ಎಂದು ಕೇಳಿದಳು. ನನಗೆ ತೆಲುಗು ಅಷ್ಟಾಗಿ ಬರಲ್ಲ ಎಂದುಬಿಟ್ಟೆ. ಆವತ್ತು ಆಫೀಸಿನ ದಾರಿ ಬಿಟ್ಟು ಕೆರೆ ಕಡೆಯಿಂದ ಸುತ್ತಿಕೊಂಡು ಮನೆಗೆ ಬಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಸಾಲಿನಲ್ಲಿ ನಾನೂ ಸೇರಿದ್ದೆ.

ಈ ವರ್ಷ ಸರ್ವಿಸ್ ರಿಜಿಸ್ಟರಿನಲ್ಲಿ ಏನೋ ತಿದ್ದಿಸುವುದಿತ್ತೆಂದು ರಾಯದುರ್ಗಕ್ಕೆ ಹೋದೆ. ಕೆಲಸ ಬೇಗ ಮುಗಿಯಿತು. ಅಕ್ಕನ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಬೆಳಕಿಗೆ ಕೂತು ದಾರ ಕತ್ತರಿಸುತ್ತಿದ್ದಳು, ಕನ್ನಡಕ ಬಂದಿತ್ತು. ಬರ್ರಿ ಟೀಚರಮ್ಮ ಎಂದು ಚಾಪೆ ಕೊಟ್ಟಳು, ನೀರು ಕೊಟ್ಟಳು. ನಾನು ಕೂತವಳೇ ಎಲ್ಲವನ್ನೂ ಹೇಳಿದೆ. ಸಾಲು ಇತ್ತು, ನಾನು ಓದಲಿಲ್ಲ, ಆಮೇಲೆ ಓದಿದೆ ಎಂದು ಸುಳ್ಳು ಹೇಳಿದೆ, ಆ ಹನ್ನೊಂದು ಜನ ನಿನ್ನ ಮೇಲೆ ಏನೂ ಬರೆಸಲಿಲ್ಲ. ಹೇಳುತ್ತಾ ಅತ್ತೆ. ಅಳುವುದರಲ್ಲಿ ಒಂದು ಸುಖವೂ ಇತ್ತೆಂದು ಒಪ್ಪಿಕೊಳ್ಳಬೇಕು.

ಅವಳು ಕೆಲಸ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ, “ಇದನ್ನ ನನಗ್ಯಾಕ ಹೇಳ್ತೀರಿ?” ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. “ನಾ ರೊಕ್ಕ ತಗೊಂಡಿಲ್ಲ ಅಂಬೋದು ನನಗ ಗೊತ್ತೈತಲ್ರಿ. ಗೊತ್ತಿಲ್ದಾರು ಹೊರಗದಾರ.”

ಮಡಿಲಿನಿಂದ ಪ್ಯಾಂಟು ತೆಗೆದಿಟ್ಟು, ಸೆರಗು ಕೊಡವಿ ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು. “ಬರ್ರಿ. ಹನ್ನೊಂದೇ ಮನಿ. ಈಗ ಎಲ್ಲಾರೂ ಮನ್ಯಾಗ ಇರ್ತಾರ.”

ನಾನು ಚಾಪೆಯ ಮೇಲೆ ಕೂತೇ ಇದ್ದೆ. ಕಾಲಲ್ಲಿ ಶಕ್ತಿ ಇರಲಿಲ್ಲ ಎಂದರೆ ಅದೂ ಸುಳ್ಳಾದೀತು. ಉಡಿ ತುಂಬಿ ಕಳಿಸಿದ್ದ ಆ ಮುಖಗಳು ಕಣ್ಣ ಮುಂದೆ ಬಂದವು. ಕಲ್ಯಾಣದುರ್ಗದ ಬಸ್ಸಿಗೆ ಹೊತ್ತಾಯಿತು, ಒಂದು ಭಾನುವಾರ ಬರುತ್ತೇನೆ ಕಣಕ್ಕ ಎಂದೆ.

ಅವಳು ನನ್ನನ್ನು ನೋಡಿದಳು. “ಹೌದ್ರಿ, ಬಸ್ ತಪ್ಪಬಾರದು,” ಎಂದು ಚಪ್ಪಲಿ ಬಿಟ್ಟು ಮತ್ತೆ ಬೆಳಕಿಗೆ ಕೂತಳು.

ಆಮೇಲೆ ಎಷ್ಟೋ ಭಾನುವಾರಗಳು ಬಂದುಹೋದವು. ಹೋಗಲಿಲ್ಲ. ಅದರ ಬದಲು ಇದನ್ನು ಬರೆಯಲು ಕೂತೆ. ಆ ಹೆಂಗಸರಲ್ಲಿ ಹೆಚ್ಚಿನವರು ನಿಧಾನವಾಗಿಯಾದರೂ ಕನ್ನಡ ಓದುತ್ತಾರೆ, ಓದಿ ಹೇಳಲು ನಡುವೆ ಇನ್ನೊಬ್ಬರು ಬೇಕಿಲ್ಲ, ಯಾರಾದರೂ ಅವರ ಕೈಗೆ ಇದನ್ನು ಮುಟ್ಟಿಸಿದರೆ ನಾನು ಹೋದಂತೆಯೇ ಆಯಿತು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಬರೆದು ಮುಗಿಸಿ, ಒಂದು ಸಾಲೂ ಬಿಡದೆ ಮೊದಲಿನಿಂದ ಓದಿದೆ. ಬೀದಿ ಯಾವುದೆಂದು ಬರೆದಿಲ್ಲ. ಅಕ್ಕ ಯಾರೆಂದು ಬರೆದಿಲ್ಲ. ಕೆಳಗೆ ನನ್ನ ಹೆಸರೂ ಹಾಕಿಲ್ಲ. ಸೈನು ಹಾಕಿಸಿದ ಆ ಕಾಗದದಲ್ಲಿ ಅಕ್ಕನ ಹೆಸರು ಗಂಡನ ಹೆಸರಿನ ಸಮೇತ, ಮನೆ ನಂಬರಿನ ಸಮೇತ ಇತ್ತು.